ಸರಿ ತಪ್ಪಿನ ಏಣಿ: ಲಾರೆನ್ಸ್ ಕೋಲ್‌ಬರ್ಗ್ ಬದುಕು

ಎಂಜಿನಿಯರಿಂಗ್ ಎಥಿಕ್ಸ್ ಪುಸ್ತಕ ತೆಗೆದರೆ ಕೋಲ್‌ಬರ್ಗ್ ಅನ್ನೋ ಹೆಸರು ಒಂದು ಟೇಬಲ್ ಜೊತೆಗೇ ಬರುತ್ತೆ. ಮೂರು ಮಟ್ಟ, ಒಂದೊಂದರಲ್ಲಿ ಎರಡೆರಡು ಮೆಟ್ಟಿಲು, ಒಟ್ಟು ಆರು. ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ, ಬೆಳಗ್ಗೆ ಬರೆದು, ಹಾಲ್‌ನಿಂದ ಹೊರಗೆ ಬರೋ ಹೊತ್ತಿಗೆ ಮರೆತಿರ್ತೀವಿ. ಆ ಟೇಬಲ್ ಹಿಂದೆ ಒಂದು ಬದುಕು ಇದೆ ಅನ್ನೋದನ್ನ ಪುಸ್ತಕ ಹೇಳಲ್ಲ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಅಂದ್ರೆ ಈಗ ನಾವಿರೋ ವಯಸ್ಸಿನಲ್ಲಿ, ಬ್ರಿಟಿಷ್ ಸರ್ಕಾರದ ಕಾನೂನು ಮುರಿದು ಹಡಗಿನಲ್ಲಿ ಜನರನ್ನು ಸಾಗಿಸಲು ಹೋಗಿ ಸಿಕ್ಕಿಬಿದ್ದ ಹುಡುಗ ಅವರು. ಕಾನೂನು ಮುರಿಯೋದು ಯಾವಾಗ ಸರಿ ಅನ್ನೋ ಪ್ರಶ್ನೆ ಅವರಿಗೆ ಸಿಲಬಸ್‌ನಿಂದ ಬಂದಿದ್ದಲ್ಲ.

ಲಾರೆನ್ಸ್ ಹುಟ್ಟಿದ್ದು 1927ರ ಅಕ್ಟೋಬರ್ 25ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ನಾಲ್ಕು ಮಕ್ಕಳಲ್ಲಿ ಕೊನೆಯವನು. ಅಪ್ಪ ಆಲ್ಫ್ರೆಡ್ ಯಹೂದಿ, ಚೀನಾದಿಂದ ಬಟ್ಟೆ ತರಿಸಿ ಮಾರುತ್ತಿದ್ದ ಶ್ರೀಮಂತ ವ್ಯಾಪಾರಿ. ಅಮ್ಮ ಶಾರ್ಲಟ್ ಕ್ರೈಸ್ತರು. ದುಡ್ಡಿಗೆ ಬರ ಇರಲಿಲ್ಲ, ನೆಮ್ಮದಿಗೆ ಇತ್ತು. ಹುಡುಗನಿಗೆ ನಾಲ್ಕು ವರ್ಷ ಇದ್ದಾಗ ಅಪ್ಪ ಅಮ್ಮ ಬೇರೆಯಾದರು. 1933ರಿಂದ 1938ರ ತನಕ ಮಕ್ಕಳು ಆರು ತಿಂಗಳು ಅಪ್ಪನ ಮನೆ, ಆರು ತಿಂಗಳು ಅಮ್ಮನ ಮನೆ ಅಂತ ಓಡಾಡಿದರು. ಆಮೇಲೆ ಯಾರ ಜೊತೆ ಇರ್ತೀರ ಅನ್ನೋದನ್ನ ನೀವೇ ಆರಿಸಿಕೊಳ್ಳಿ ಅಂತ ಮಕ್ಕಳಿಗೇ ಬಿಟ್ಟರು. ಹತ್ತು ಹನ್ನೊಂದು ವರ್ಷದ ಹುಡುಗ ಅಪ್ಪನಾ ಅಮ್ಮನಾ ಅಂತ ಹೇಳಬೇಕು. ಯಾವ ಉತ್ತರ ಕೊಟ್ಟರೂ ಒಬ್ಬರಿಗೆ ನೋವು. ಮುಂದೆ ಇಂಥ ಕಥೆಗಳನ್ನೇ ಕಟ್ಟಿ ಮಕ್ಕಳ ಮುಂದೆ ಇಡೋ ಕೆಲಸಕ್ಕೆ ಈ ಹುಡುಗನೇ ಹೋದ.

ಆಂಡೋವರ್‌ನ ಫಿಲಿಪ್ಸ್ ಅಕಾಡೆಮಿಯಲ್ಲಿ ಹೈಸ್ಕೂಲು ಮುಗಿಸುವಾಗ ಎರಡನೇ ಮಹಾಯುದ್ಧ ಕೊನೆಗೆ ಬಂದಿತ್ತು. ಲಾರೆನ್ಸ್ ಕಾಲೇಜಿಗೆ ಹೋಗದೆ ವ್ಯಾಪಾರಿ ಹಡಗುಗಳ ಕೆಲಸಕ್ಕೆ ಸೇರಿದ. ಯುರೋಪಿನಲ್ಲಿ ಹಿಟ್ಲರ್‌ನ ಕ್ಯಾಂಪುಗಳಿಂದ ಬದುಕಿ ಬಂದ ಯಹೂದಿಗಳು ಊರಿಲ್ಲದೆ ಅಲೆಯುತ್ತಿದ್ದ ಕಾಲ ಅದು. ಪ್ಯಾಲೆಸ್ತೀನ್ ಆಗ ಬ್ರಿಟಿಷರ ಆಡಳಿತದಲ್ಲಿತ್ತು. ಇಷ್ಟೇ ಜನ ಬರಬೇಕು ಅಂತ ಮಿತಿ ಹಾಕಿ, ಸಮುದ್ರದಲ್ಲಿ ಕಾವಲು ಇಟ್ಟಿದ್ದರು. 1947ರಲ್ಲಿ ಲಾರೆನ್ಸ್ ಪಡೂಕಾ ಅನ್ನೋ ಹಳೇ ಹಡಗಿನಲ್ಲಿ, ಸಂಬಳದ ಆಸೆ ಇಲ್ಲದೆ, ಕೆಲಸಕ್ಕೆ ನಿಂತ. ಸಾವಿರಕ್ಕೂ ಹೆಚ್ಚು ನಿರಾಶ್ರಿತರಿಗೆ ಮಲಗಲು ಹಲಗೆ ಹಾಸಿಗೆಗಳನ್ನು ಹೊಡೆದರು. ತಪಾಸಣೆಗೆ ಬಂದವರಿಗೆ ಇದು ಬಾಳೆಹಣ್ಣು ಜೋಡಿಸೋಕೆ ಅಂತ ಹೇಳಿದರು. ಸುಳ್ಳು ಹೇಳೋದು ತಪ್ಪು ಅಂತ ಎಲ್ಲಾ ಮಕ್ಕಳಿಗೂ ಹೇಳಿಕೊಡ್ತಾರೆ, ಆದ್ರೆ ಅಲ್ಲಿ ಆ ಸುಳ್ಳಿನ ಮೇಲೆ ಅಷ್ಟು ಜನರ ಜೀವ ನಿಂತಿತ್ತು.

ಹಡಗು ಮುಟ್ಟಬೇಕಾದ ಕಡೆ ಮುಟ್ಟಲಿಲ್ಲ. ಬ್ರಿಟಿಷ್ ನೌಕಾಪಡೆ ಹಿಡಿದು ಎಲ್ಲರನ್ನೂ ಸೈಪ್ರಸ್ ದ್ವೀಪದ ಶಿಬಿರಕ್ಕೆ ತಳ್ಳಿತು. ಅಲ್ಲಿಂದ ಲಾರೆನ್ಸ್ ಜೊತೆಯವರ ಸಂಗಡ ತಪ್ಪಿಸಿಕೊಂಡು ಪ್ಯಾಲೆಸ್ತೀನ್ ಸೇರಿ, ಒಂದು ಕಿಬುಟ್ಸ್‌ನಲ್ಲಿ, ಅಂದ್ರೆ ಎಲ್ಲರೂ ಒಟ್ಟಿಗೆ ದುಡಿದು ಒಟ್ಟಿಗೆ ತೀರ್ಮಾನ ಮಾಡೋ ಹಳ್ಳಿಯಲ್ಲಿ, ಇದ್ದ. 1948ರಲ್ಲಿ ಯುದ್ಧ ಶುರುವಾದಾಗ ಮಾತ್ರ ಬಂದೂಕು ಹಿಡಿಯಲು ಒಪ್ಪಲಿಲ್ಲ. ಜನರನ್ನು ಉಳಿಸೋಕೆ ಕಾನೂನು ಮುರಿದವನು ಜನರನ್ನು ಕೊಲ್ಲೋ ಕೆಲಸಕ್ಕೆ ಬರಲ್ಲ ಅಂದ. ಅದೇ ವರ್ಷ ಅಮೆರಿಕಕ್ಕೆ ವಾಪಸ್ ಬಂದು ಶಿಕಾಗೊ ವಿಶ್ವವಿದ್ಯಾಲಯ ಸೇರಿದ. ಪ್ರವೇಶ ಪರೀಕ್ಷೆಯಲ್ಲಿ ಅಂಕ ಎಷ್ಟು ಬಂದಿತ್ತು ಅಂದ್ರೆ ಡಿಗ್ರಿ ಒಂದೇ ವರ್ಷಕ್ಕೆ ಮುಗಿಯಿತು.

ಪಿಎಚ್‌ಡಿಗೆ ಮನಃಶಾಸ್ತ್ರ ಹಿಡಿದಾಗ ಕೋಲ್‌ಬರ್ಗ್ ಅವರ ಕಣ್ಣಿಗೆ ಬಿದ್ದದ್ದು ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ 1932ರಲ್ಲಿ ಬರೆದ ಪುಸ್ತಕ. ಪಿಯಾಜೆ ಬೀದಿಯಲ್ಲಿ ಗೋಲಿ ಆಡೋ ಹುಡುಗರ ಹತ್ತಿರ ಕೂತು, ಈ ರೂಲ್ಸು ಯಾರು ಮಾಡಿದ್ದು, ಬದಲಾಯಿಸಬಹುದಾ ಅಂತ ಕೇಳಿದ್ದರು. ಚಿಕ್ಕವರಿಗೆ ರೂಲ್ಸು ಅಂದ್ರೆ ದೊಡ್ಡವರು ಕೊಟ್ಟಿದ್ದು, ಮುಟ್ಟಂಗಿಲ್ಲ. ದೊಡ್ಡ ಹುಡುಗರಿಗೆ ಅದು ಆಡೋರೆಲ್ಲ ಒಪ್ಪಿಕೊಂಡ ಮಾತು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು. ಇನ್ನೊಂದು ಪ್ರಶ್ನೆ ಕಪ್ಪುಗಳದ್ದು. ಗೊತ್ತಿಲ್ಲದೆ ಬಾಗಿಲು ತಳ್ಳಿ ಹದಿನೈದು ಕಪ್ಪು ಒಡೆದವನು, ಕದ್ದು ಜಾಮ್ ತಿನ್ನಲು ಹೋಗಿ ಒಂದು ಕಪ್ಪು ಒಡೆದವನು, ಇಬ್ಬರಲ್ಲಿ ಯಾರ ತಪ್ಪು ದೊಡ್ಡದು? ಪುಟ್ಟ ಮಕ್ಕಳು ಹದಿನೈದು ಕಪ್ಪಿನವನನ್ನ ತೋರಿಸ್ತಿದ್ದರು. ಸ್ವಲ್ಪ ಬೆಳೆದವರು ಉದ್ದೇಶ ನೋಡ್ತಿದ್ದರು. ಅಂದ್ರೆ ಸರಿ ತಪ್ಪು ಅನ್ನೋದನ್ನ ಮಕ್ಕಳು ದೊಡ್ಡವರಿಂದ ಕೇಳಿ ತುಂಬಿಸಿಕೊಳ್ಳೋದಷ್ಟೇ ಅಲ್ಲ, ತಾವೇ ಯೋಚಿಸಿ ಕಟ್ಟಿಕೊಳ್ತಾರೆ.

ಪಿಯಾಜೆ ಸುಮಾರು ಹನ್ನೆರಡರ ವಯಸ್ಸಿಗೆ ನಿಲ್ಲಿಸಿದ್ದರು. ಅದರ ಮುಂದೆ ಏನಾಗುತ್ತೆ ಅಂತ ಕೋಲ್‌ಬರ್ಗ್ ಕೇಳಿದರು. ಶಿಕಾಗೊದ 72 ಹುಡುಗರನ್ನು ಆರಿಸಿಕೊಂಡರು, ವಯಸ್ಸು 10, 13 ಮತ್ತು 16. ಒಬ್ಬೊಬ್ಬರನ್ನೇ ಕೂರಿಸಿ, ಸುಲಭವಾಗಿ ಉತ್ತರ ಸಿಗದ ಕಥೆಗಳನ್ನು ಹೇಳಿ, ಏನು ಮಾಡಬೇಕು, ಯಾಕೆ ಅಂತ ಕೆದಕಿ ಕೆದಕಿ ಕೇಳಿದರು. 1958ರಲ್ಲಿ ಪಿಎಚ್‌ಡಿ ಬಂತು. ಆದ್ರೂ ಆ ಹುಡುಗರನ್ನು ಬಿಡಲಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ ಅವೇ ಕಥೆಗಳನ್ನು ಕೇಳುತ್ತಾ ಸುಮಾರು 20 ವರ್ಷ ಹಿಂಬಾಲಿಸಿದರು. ಹುಡುಗರು ಮದುವೆಯಾಗಿ ಅಪ್ಪಂದಿರಾದರೂ ಇವರ ಪ್ರಶ್ನೆ ಮುಗಿದಿರಲಿಲ್ಲ.

ಆ ಕಥೆಗಳಲ್ಲಿ ಹೆಸರುವಾಸಿ ಆದದ್ದು ಹೈಂಜ್ ಅನ್ನೋನ ಕಥೆ. ಅದನ್ನ ಯುರೋಪಿನಿಂದ ಎತ್ತಿ ನಮ್ಮ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಗೆ ತರೋಣ. ಒಬ್ಬನ ಹೆಂಡತಿಗೆ ಕ್ಯಾನ್ಸರ್, ಸಾಯೋ ಹಾಗಿದ್ದಾಳೆ. ಉಳಿಸಬಹುದಾದ ಔಷಧ ಒಂದೇ, ಅದನ್ನ ಕಂಡುಹಿಡಿದವನು ಅದೇ ಊರಿನ ಮೆಡಿಕಲ್ ಸ್ಟೋರಿನವನು. ಅವನಿಗೆ ಬಿದ್ದಿರೋ ಖರ್ಚು 200, ಕೇಳ್ತಿರೋದು 2000. ಗಂಡ ಗೊತ್ತಿರೋರನ್ನೆಲ್ಲ ಬೇಡಿ ಕೂಡಿಸಿದ್ದು 1000. ಕಮ್ಮಿ ಮಾಡು, ಇಲ್ಲಾ ಉಳಿದದ್ದು ಆಮೇಲೆ ಕೊಡ್ತೀನಿ ಅಂದ್ರೂ ಅಂಗಡಿಯವನು ಒಪ್ಪಲಿಲ್ಲ. ರಾತ್ರಿ ಬೀಗ ಒಡೆದು ಔಷಧ ಕದಿಯಬಹುದಾ?

ಕದಿಯಬಹುದು ಅಂದ್ರೂ ಸರಿ, ಬೇಡ ಅಂದ್ರೂ ಸರಿ, ಕೋಲ್‌ಬರ್ಗ್ ಅದಕ್ಕೆ ಅಂಕ ಕೊಡ್ತಿರಲಿಲ್ಲ. ನೋಡ್ತಿದ್ದದ್ದು ಕಾರಣವನ್ನ. ಪೊಲೀಸರು ಹಿಡೀತಾರೆ, ಅದಕ್ಕೆ ಬೇಡ ಅಂದ್ರೆ ಮೊದಲನೇ ಮೆಟ್ಟಿಲು, ಶಿಕ್ಷೆಯ ಭಯ. ಹೆಂಡತಿ ಇಲ್ಲದಿದ್ರೆ ಅವನಿಗೇ ಕಷ್ಟ, ಅದಕ್ಕೆ ಕದೀಲಿ ಅಂದ್ರೆ ಎರಡನೆಯದು, ನನಗೇನು ಸಿಗುತ್ತೆ ಅನ್ನೋ ಲೆಕ್ಕ. ಹೆಂಡತಿಯನ್ನು ಸಾಯೋಕೆ ಬಿಟ್ಟ ಅಂತ ನಾಲ್ಕು ಜನ ಏನಂತಾರೆ, ಒಳ್ಳೇ ಗಂಡ ಅನ್ನಿಸಿಕೊಳ್ಳೋನು ಹಾಗೆ ಮಾಡ್ತಾನಾ ಅಂದ್ರೆ ಮೂರನೆಯದು. ಎಲ್ಲರೂ ತಮ್ಮ ಕಷ್ಟಕ್ಕೆ ಬೀಗ ಒಡೀತಾ ಹೋದ್ರೆ ಊರು ಉಳಿಯುತ್ತಾ ಅಂದ್ರೆ ನಾಲ್ಕನೆಯದು, ಕಾನೂನು ಸುವ್ಯವಸ್ಥೆ. ಕಾನೂನು ಅನ್ನೋದು ಜನ ತಮ್ಮ ಒಳಿತಿಗೆ ಮಾಡಿಕೊಂಡ ಒಪ್ಪಂದ, ಜೀವ ಉಳಿಸೋಕೆ ಅಡ್ಡ ಬಂದ್ರೆ ಅದನ್ನ ಬದಲಾಯಿಸಬೇಕು ಅಂದ್ರೆ ಐದು. ಆರನೆಯದನ್ನು ಕುರ್ಚಿ ಆಟದ ಹಾಗೆ ನೋಡಿ ಅಂದರು ಕೋಲ್‌ಬರ್ಗ್. ಗಂಡನ ಕುರ್ಚಿ, ಹೆಂಡತಿಯ ಕುರ್ಚಿ, ಅಂಗಡಿಯವನ ಕುರ್ಚಿ, ಮೂರರಲ್ಲೂ ಒಂದೊಂದು ಸಲ ಕೂತು ನೋಡಿದ ಮೇಲೂ ನ್ಯಾಯ ಅನ್ನಿಸೋದು ಯಾವುದೋ ಅದು ಸರಿ. ಹಾಸಿಗೆ ಹಿಡಿದಿರೋಳು ಹೆಂಡತಿ ಆಗಿರಲಿ, ಮುಖ ನೋಡದ ಅಪರಿಚಿತೆ ಆಗಿರಲಿ, ಉತ್ತರ ಬದಲಾಗಬಾರದು.

ಮೆಟ್ಟಿಲುಗಳನ್ನು ಒಂದೊಂದಾಗೇ ಹತ್ತಬೇಕು, ಮಧ್ಯದ್ದನ್ನು ಹಾರಿ ಹೋಗೋಕಾಗಲ್ಲ ಅನ್ನೋದು ಅವರ ವಾದ. ದೊಡ್ಡವರಲ್ಲಿ ಬಹಳ ಜನ ಮೂರು ನಾಲ್ಕರಲ್ಲೇ ನಿಂತಿರ್ತಾರೆ ಅಂತಲೂ ಕಂಡುಕೊಂಡರು. ಆರನೆಯದಕ್ಕೆ ಉದಾಹರಣೆಯಾಗೋ ಜನ ಅಧ್ಯಯನದಲ್ಲಿ ಸಿಗದೆ ಕೊನೆಗೆ ಅಂಕ ಹಾಕೋ ಕೈಪಿಡಿಯಿಂದ ಅದನ್ನ ಕೈಬಿಡಬೇಕಾಯ್ತು.

ಹಾಗಂತ ನಾಲ್ಕು ಜನ ಏನಂತಾರೆ ಅನ್ನೋದನ್ನ ದಾಟಿದವರು ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಕರಾವಳಿಯ ಕುದ್ಮುಲ್ ರಂಗರಾವ್ ಅವರನ್ನು ನೆನೆಯಿರಿ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾಗಿದ್ದವರು. 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರೂ 1928ರಲ್ಲಿ ತೀರಿಕೊಳ್ಳೋ ತನಕ ಆ ಕೆಲಸ ಬಿಡಲಿಲ್ಲ. ಜಾತಿಯವರ ಕಣ್ಣಲ್ಲಿ ಒಳ್ಳೆಯವರಾಗಿ ಉಳಿಯೋದೇ ಗುರಿ ಆಗಿದ್ದರೆ ಆ ಶಾಲೆ ಒಂದು ವಾರ ನಡೀತಿರಲಿಲ್ಲ.

ಕಳೆದ ರಜೆಯಲ್ಲಿ ತೋವಿನಕೆರೆಯಲ್ಲಿ ನಮ್ಮಜ್ಜಿಗೆ ಈ ಔಷಧದ ಕಥೆ ಹೇಳಿದ್ದೆ. ಹುಣಸೆಹಣ್ಣು ಬಿಡಿಸ್ತಾ ಕೇಳಿಸಿಕೊಂಡ ಅಜ್ಜಿ ಕದೀಬೇಕು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆ ಅಂಗಡಿಯವನೂ ಇದೇ ಊರವನಲ್ವಾ, ಸಂತೆಗೆ ಜಾತ್ರೆಗೆ ಬರಲ್ವಾ, ಊರಿನ ನಾಲ್ಕು ಜನ ಹಿರಿಯರು ಹೋಗಿ ಕೂತು ಮಾತಾಡಿದ್ರೆ ಕೊಡದೆ ಎಲ್ಲಿಗೆ ಹೋಗ್ತಾನೆ ಅಂತ ನನ್ನನ್ನೇ ಕೇಳಿದರು. ಇರೋದು ಎರಡೇ ಆಪ್ಷನ್ ಅಜ್ಜಿ ಅಂದೆ. ಎರಡೇ ಅಂತ ಹೇಳಿದ್ಯಾರು ಅಂದರು. ಕೋಲ್‌ಬರ್ಗ್ ಕೈಪಿಡಿ ಇಟ್ಟುಕೊಂಡು ಅಂಕ ಹಾಕಿದ್ರೆ ಅಜ್ಜಿ ಹೆಚ್ಚೂಕಮ್ಮಿ ಮೂರನೇ ಮೆಟ್ಟಿಲಲ್ಲಿ ನಿಲ್ತಾರೆ. ಸಂಬಂಧ, ಊರು, ಮರ್ಯಾದೆ ಎಲ್ಲಾ ಅಲ್ಲೇ ಬರೋದು.

ಇಂಥದ್ದೇ ಪ್ರಶ್ನೆ ಕೋಲ್‌ಬರ್ಗ್ ಅವರಿಗೆ ಪಕ್ಕದಿಂದಲೇ ಬಂತು. 1968ರಿಂದ ಅವರು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಕರೋಲ್ ಗಿಲಿಗನ್ 1982ರಲ್ಲಿ ಒಂದು ಪುಸ್ತಕ ಬರೆದರು. ಏಣಿಯನ್ನು ಹುಡುಗರ ಉತ್ತರಗಳಿಂದ ಮಾತ್ರ ಕಟ್ಟಿ, ಅದರಿಂದ ಹುಡುಗಿಯರನ್ನೂ ಅಳೀತಿದ್ದೀರಲ್ಲ ಅನ್ನೋದು ಅವರ ತಕರಾರು. ಆ ಪುಸ್ತಕದಲ್ಲಿ ಏಮಿ ಅನ್ನೋ 11 ವರ್ಷದ ಹುಡುಗಿ ಬರ್ತಾಳೆ. ಹೈಂಜ್ ಕಥೆಗೆ ಅವಳು ಕೊಟ್ಟ ಉತ್ತರ ನಮ್ಮಜ್ಜಿಯ ಉತ್ತರಕ್ಕೆ ಹತ್ತಿರ. ಅಂಗಡಿಯವನ ಜೊತೆ ಕೂತು ಮಾತಾಡಬೇಕು, ಸಾಲ ಮಾಡಬೇಕು, ಕದ್ದು ಜೈಲಿಗೆ ಹೋದ್ರೆ ಆಮೇಲೆ ಹೆಂಡತಿಯನ್ನು ನೋಡಿಕೊಳ್ಳೋರು ಯಾರು ಅಂತ ಯೋಚಿಸ್ತಾಳೆ. ಇದು ಕೆಳಗಿನ ಮೆಟ್ಟಿಲಲ್ಲ, ಬೇರೆ ದಾರಿ, ನ್ಯಾಯದ ಬದಲು ಕಾಳಜಿಯಿಂದ ಶುರುವಾಗೋ ದಾರಿ ಅಂದರು ಗಿಲಿಗನ್. ಕಾಳಜಿಗೂ ಜಾಗ ಇದೆ ಅಂತ ಕೋಲ್‌ಬರ್ಗ್ ಒಪ್ಪಿಕೊಂಡರು, ಏಣಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಗಂಡು ಹೆಣ್ಣಿನ ಅಂಕಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದ್ರೂ ಗಿಲಿಗನ್ ಎತ್ತಿದ ಪ್ರಶ್ನೆ ಸಾಯಲಿಲ್ಲ.

ಇನ್ನೊಂದು ಪ್ರಶ್ನೆ ಹಳ್ಳಿಗಳಿಂದ ಬಂತು. 1985ರಲ್ಲಿ ಜಾನ್ ಸ್ನೇರಿ 27 ದೇಶಗಳಲ್ಲಿ ನಡೆದ 45 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಮೊದಲ ನಾಲ್ಕು ಮೆಟ್ಟಿಲು ಹೆಚ್ಚೂಕಮ್ಮಿ ಎಲ್ಲಾ ಕಡೆ ಸಿಕ್ಕಿದವು. ಐದನೆಯದು ಸಿಕ್ಕಿದ್ದು ಹೆಚ್ಚಾಗಿ ಪಟ್ಟಣದ ಓದಿದ ಜನರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವರ್ನಿಯರ್ ಕ್ಯಾಲಿಪರ್‌ನಲ್ಲಿ ರೀಡಿಂಗ್ ಒಂದೇ ಕಡೆಗೆ ವಾಲುತ್ತಿದ್ದರೆ ವಸ್ತುವನ್ನು ಬೈಯೋ ಮೊದಲು ಜೀರೋ ಎರರ್ ನೋಡಬೇಕು.

ಕೋಲ್‌ಬರ್ಗ್ ಬರೀ ಅಳೆಯುತ್ತಾ ಕೂತವರಲ್ಲ, ಇದು ಪುಸ್ತಕಗಳಲ್ಲಿ ಕಮ್ಮಿ ಬರೋ ಭಾಗ. ಕಥೆಗೆ ಉತ್ತರ ಹೇಳೋದು ಬೇರೆ, ದಿನಾ ಬದುಕೋದು ಬೇರೆ ಅಂತ ಅವರಿಗೂ ಗೊತ್ತಾಗಿತ್ತು. ಕನೆಕ್ಟಿಕಟ್‌ನ ಹೆಂಗಸರ ಜೈಲೊಂದರಲ್ಲಿ ಕೈದಿಗಳೂ ಸಿಬ್ಬಂದಿಯೂ ಒಟ್ಟಿಗೆ ಕೂತು ನಿಯಮ ಮಾಡೋ ಪ್ರಯೋಗ ನಡೆಸಿದರು. 1974ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಊರಿನಲ್ಲಿ ಕ್ಲಸ್ಟರ್ ಸ್ಕೂಲ್ ಅನ್ನೋ ಶಾಲೆ ಶುರುವಾಯ್ತು. ಅಲ್ಲಿ ವಾರಕ್ಕೊಮ್ಮೆ ಎಲ್ಲರ ಸಭೆ. ಟೀಚರಿಗೂ ಒಂದೇ ಓಟು, ವಿದ್ಯಾರ್ಥಿಗೂ ಒಂದೇ ಓಟು. ಯೌವನದಲ್ಲಿ ಕಂಡ ಕಿಬುಟ್ಸ್ ಅಲ್ಲಿ ಬೇರೆ ರೂಪದಲ್ಲಿ ಬಂದಿತ್ತು.

ಒಂದು ಸಲ ಆ ಶಾಲೆಯಲ್ಲಿ ಒಬ್ಬ ಹುಡುಗಿಯ ಪರ್ಸಿನಿಂದ 9 ಡಾಲರ್ ಕಳುವಾಯ್ತು. ಕದ್ದವರು ಯಾರು ಅಂತ ಸಿಗಲಿಲ್ಲ. ನಮ್ಮ ಕ್ಲಾಸಲ್ಲಾದ್ರೆ ಬ್ಯಾಗ್ ಚೆಕ್ ಮಾಡಿ ಬಿಟ್ಟುಬಿಡ್ತಿದ್ದರೇನೋ. ಅಲ್ಲಿ ಸಭೆ ಸೇರಿ ಚರ್ಚೆ ಮಾಡಿದರು. ಅವಳ ದುಡ್ಡು ಹೋಗಿದ್ದು ಅವಳೊಬ್ಬಳ ಸಮಸ್ಯೆ ಅಲ್ಲ, ಕಳ್ಳತನ ನಡೆಯೋ ಹಾಗಿರೋದು ಎಲ್ಲರ ಸಮಸ್ಯೆ ಅಂತ ತೀರ್ಮಾನವಾಯ್ತು. ತಲೆಗೆ 15 ಸೆಂಟ್ ಹಾಕಿ ಅವಳ ದುಡ್ಡು ತುಂಬಿಕೊಟ್ಟರು. ನಮ್ಮಜ್ಜಿ ಹೇಳಿದ ನಾಲ್ಕು ಜನ ಇವರೇ ಅಲ್ವಾ? ವ್ಯತ್ಯಾಸ ಏನಂದ್ರೆ ಅವರು ಆಡಿಕೊಳ್ಳೋ ನಾಲ್ಕು ಜನ ಅಲ್ಲ, ಹೊಣೆ ಹೊರೋ ನಾಲ್ಕು ಜನ.

ಇಷ್ಟೆಲ್ಲ ಮಾಡುವಾಗ ಅವರ ದೇಹ ಸೋಲ್ತಾ ಇತ್ತು. 1971ರಲ್ಲಿ ಬೆಲೀಜ್ ದೇಶಕ್ಕೆ ಅಧ್ಯಯನಕ್ಕೆ ಹೋದಾಗ ಪರೋಪಜೀವಿ ಸೋಂಕು ತಗುಲಿತು. ಹೊಟ್ಟೆನೋವು ಮುಂದಿನ ಹದಿನಾರು ವರ್ಷ ಬಿಡಲಿಲ್ಲ. ಅದರ ಜೊತೆ ಖಿನ್ನತೆಯೂ ಹಿಡಿಯಿತು. 1987ರ ಜನವರಿ 19ರಂದು, ಚಿಕಿತ್ಸೆಯಲ್ಲಿದ್ದಾಗಲೇ, 59ನೇ ವಯಸ್ಸಿನಲ್ಲಿ ತಾವೇ ತಮ್ಮ ಜೀವ ಕೊನೆಗೊಳಿಸಿಕೊಂಡರು. ಇದನ್ನ ಅವರ ಸಿದ್ಧಾಂತದ ಸೋಲು ಅಂತ ಓದೋದು ತಪ್ಪು. ಖಿನ್ನತೆ ಕಾಯಿಲೆ, ಅದಕ್ಕೆ ಯಾವ ಮೆಟ್ಟಿಲಿನ ಲೆಕ್ಕವೂ ಇಲ್ಲ. ಹಾಸ್ಟೆಲಲ್ಲಿ ಪಕ್ಕದ ರೂಮಿನವರು ಮಾತು ಕಮ್ಮಿ ಮಾಡಿದ್ದರೆ ಹೋಗಿ ಕೂತು ಮಾತಾಡಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ.

ಅವರು ಹೋದ ಮೇಲೆ ಅವರ ಪ್ರಶ್ನೆ ನಮ್ಮ ಮೈಸೂರಿಗೂ ಬಂತು. ಜೋನ್ ಮಿಲ್ಲರ್ ಮತ್ತು ಡೇವಿಡ್ ಬೆರ್ಸಾಫ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೈಸೂರಿನ ಜನರನ್ನೂ ಅಮೆರಿಕದ ನ್ಯೂ ಹೇವನ್ ಜನರನ್ನೂ ಒಂದೇ ಥರದ ಪ್ರಶ್ನೆ ಕೇಳಿದ್ದರು. ಪ್ರಾಣಸ್ನೇಹಿತನ ಮದುವೆಗೆ ಉಂಗುರ ತಲುಪಿಸಬೇಕು, ರೈಲ್ವೆ ಸ್ಟೇಷನ್ನಲ್ಲಿ ದುಡ್ಡು ಕಳುವಾಗಿದೆ, ಪಕ್ಕದವನ ಕೋಟಿನಲ್ಲಿ ಟಿಕೆಟ್ ಕಾಣ್ತಿದೆ. ತಗೊಂಡು ಹೋಗಬೇಕಾ, ಬೇಡ್ವಾ? ಅಮೆರಿಕದವರಲ್ಲಿ ಹೆಚ್ಚಿನವರು ಕಳ್ಳತನ ಬೇಡ ಅಂದರು. ಮೈಸೂರಿನವರಲ್ಲಿ ಹೆಚ್ಚಿನವರು ಸ್ನೇಹಿತನಿಗೆ ಕೊಟ್ಟ ಮಾತೇ ದೊಡ್ಡದು ಅನ್ನೋ ಕಡೆ ನಿಂತರು. ಮೈಸೂರಿನವರಿಗೆ ಸರಿ ತಪ್ಪು ಗೊತ್ತಿಲ್ಲ ಅಂತ ಇದರ ಅರ್ಥ ಅಲ್ಲ. ಅಲ್ಲಿಯವರು ಇಷ್ಟ ಇದ್ರೆ ಮಾಡೋ ಸಹಾಯ ಅಂದುಕೊಳ್ಳೋದನ್ನ ಇಲ್ಲಿಯವರು ಮಾಡಲೇಬೇಕಾದ ಕರ್ತವ್ಯ ಅಂದುಕೊಳ್ತಾರೆ ಅಂತ ಅರ್ಥ.

ಹಾಗಾದ್ರೆ ಇಷ್ಟು ತಕರಾರು ಇರೋ ಏಣಿಯನ್ನ ನಾವ್ಯಾಕೆ ಓದಬೇಕು? ಒಂದು ಉದಾಹರಣೆ ನೋಡಿ. ಸಿವಿಲ್ ಓದಿದವರೊಬ್ಬರು ಸೈಟಲ್ಲಿ ಕೆಲಸಕ್ಕೆ ಸೇರಿದ್ದಾರೆ ಅನ್ಕೊಳ್ಳಿ. ಕಾಂಕ್ರೀಟಿನ 28 ದಿನದ ಕ್ಯೂಬ್ ಟೆಸ್ಟ್ ಮಾಡದೆಯೇ ರಿಪೋರ್ಟಿಗೆ ಸಹಿ ಹಾಕು ಅಂತಾರೆ. ಐದು ಜನ ಎಂಜಿನಿಯರುಗಳು ಹಾಕಲ್ಲ ಅಂತಾರೆ. ಉತ್ತರ ಒಂದೇ, ಕಾರಣ ಬೇರೆ ಬೇರೆ. ಸಿಕ್ಕಿಬೀಳ್ತೀನಿ ಅಂತ ಹಾಕದವರು ಚೆಕ್ ಮಾಡೋರು ಇಲ್ಲದ ದಿನ ಹಾಕ್ತಾರೆ. ನನಗೇನೂ ಸಿಗಲ್ಲ ಅಂತ ಹಾಕದವರು ಸಿಗೋ ದಿನ ಹಾಕ್ತಾರೆ. ಸೀನಿಯರ್ ಏನಂದ್ಕೋತಾರೋ ಅಂತ ಹಾಕದವರು ಸೀನಿಯರೇ ಹೇಳಿದ ದಿನ ಹಾಕ್ತಾರೆ. ಕೋಡ್ ಬುಕ್ಕಲ್ಲಿ ಟೆಸ್ಟ್ ಮಾಡಲೇಬೇಕು ಅಂತಿದೆ ಅನ್ನೋರು ಗಟ್ಟಿ, ಆದ್ರೆ ಕೋಡಲ್ಲಿ ಬರೆದಿರದ ಅಪಾಯ ಎದುರಾದ್ರೆ ಸುಮ್ಮನಾಗ್ತಾರೆ. ಆ ಕಟ್ಟಡದ ಕೆಳಗೆ ಮಲಗೋರು ಯಾರೋ, ಅವರ ಕುರ್ಚಿಯಲ್ಲಿ ಒಂದು ಸಲ ಕೂತು ನೋಡಿದವರು ಮಾತ್ರ ಕೋಡಲ್ಲಿ ಇಲ್ಲದ ದಿನವೂ ಕೇಳ್ತಾರೆ. ಅಂದ್ರೆ ನಮ್ಮ ಒಳ್ಳೇತನಕ್ಕೂ ಒಂದು ಎಕ್ಸ್‌ಪೈರಿ ಡೇಟ್ ಇರುತ್ತೆ. ಅದು ಬರೆದಿರೋದು ನಾವು ಕೊಡೋ ಕಾರಣದ ಮೇಲೆ.

ಕೋಲ್‌ಬರ್ಗ್ ಕಟ್ಟಿದ ಏಣಿ ವಾಲಿರಬಹುದು, ಒಂದೆರಡು ಮೆಟ್ಟಿಲು ಸಡಿಲ ಇರಬಹುದು. ಅವರು ಆ ಹುಡುಗರನ್ನ ಇಪ್ಪತ್ತು ವರ್ಷ ಬೆನ್ನುಹತ್ತಿ ಕೇಳಿದ ಯಾಕೆ ಅನ್ನೋ ಪ್ರಶ್ನೆ ಮಾತ್ರ ಇನ್ನೂ ಗಟ್ಟಿಯಾಗೇ ಇದೆ. ಈ ಸಲ ಊರಿಗೆ ಹೋದಾಗ ಆ ಔಷಧದ ಕಥೆಯನ್ನ ಮನೆಯಲ್ಲಿ ಹೇಳಿ ನೋಡಿ. ಹೌದು ಬೇಡ ಅನ್ನೋ ಉತ್ತರಕ್ಕೆ ನಿಲ್ಲಿಸಬೇಡಿ, ಯಾಕೆ ಅಂತ ಕೇಳಿ. ಬಂದ ಉತ್ತರ ಆರು ಮೆಟ್ಟಿಲಲ್ಲಿ ಯಾವುದಕ್ಕೂ ಕೂರಲಿಲ್ಲ ಅಂದ್ರೆ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ.